ಕಛೇರಿಯ ಕಿಟಕಿಯೂ ಮನೆಯ ಗುಟ್ಟೂ

ಗುಂಡ್ಲುಪೇಟೆಯ ಕಡೆಯ ನಮ್ಮ ಬಂಧುಗಳಾದ ವೃದ್ಧೆಯೊಬ್ಬರು ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದಾಗ ಒಂದು ಸಂದೇಹವನ್ನು ಮುಂದಿಟ್ಟರು. ಚಾಮರಾಜನಗರ ಜಿಲ್ಲೆಯ ಸರ್ಕಾರಿ ಜಾಲತಾಣವನ್ನು ಮೊಮ್ಮಗನು ಫೋನಿನಲ್ಲಿ ತೆರೆದು ತೋರಿಸಿದ್ದನಂತೆ. "ನೋಡಿದ್ದಕ್ಕೇ ನನ್ನ ಹೆಸರು ಬರೆದುಕೊಂಡುಬಿಡ್ತಾರೇನಪ್ಪ? ಪಿಂಚಣಿ ನಿಂತುಗಿಂತೀತು" ಎಂಬುದು ಅವರ ಹೆದರಿಕೆ. ಇಂಥ ಶಂಕೆಯು ಅನೇಕ ಗೃಹಸ್ಥರಿಗೂ ಇದ್ದೀತೆಂದು ಎಣಿಸಿ, ಈ ಸಲ ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ತಾಣವೂ ಇತರ ಜಿಲ್ಲೆಗಳ ತಾಣಗಳಂತೆ ಎನ್‌ಐಸಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯು ಒದಗಿಸಿದ ಏರ್ಪಾಟಿನ ಮೇಲೆ ನಿಂತಿದೆ. ಇಂಥ ತಾಣಗಳ ಗೌಪ್ಯತಾ ನೀತಿಯ ಸಾರಾಂಶವಿಷ್ಟು: ಸುಮ್ಮನೆ ನೋಡಿಹೋಗುವವರ ಹೆಸರು, ದೂರವಾಣಿ ಸಂಖ್ಯೆ ಮೊದಲಾದುವನ್ನು ತಾಣವು ತಾನಾಗಿ ಗ್ರಹಿಸುವುದಿಲ್ಲ. ಆದರೆ ಯಾವ ಐ.ಪಿ. ವಿಳಾಸದಿಂದ, ಎಂಥ ಯಂತ್ರದಿಂದ, ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಯಾವ ಪುಟಗಳನ್ನು ನೋಡಲಾಯಿತೆಂಬುದು ದಾಖಲಾಗುವುದುಂಟು. ತಾಣಕ್ಕೆ ಹಾನಿಮಾಡುವ ಯತ್ನವು ಕಂಡುಬಂದ ಹೊರತು, ಆ ವಿಳಾಸವು ಇಂಥವರದೆಂದು ಪತ್ತೆಹಚ್ಚಲು ಹೋಗುವುದಿಲ್ಲ. ಆದಕಾರಣ ವೃದ್ಧೆಯ ಪಿಂಚಣಿಗೆ ಇದರಿಂದ ಯಾವ ಬಾಧಕವೂ ಇಲ್ಲ.

ಅರ್ಜಿ ಹಾಕುವಾಗಿನ ಮಾತು ಬೇರೆ. ನಾಡಕಛೇರಿಯಲ್ಲಿ ಜಾತಿ, ಆದಾಯಗಳ ಪ್ರಮಾಣಪತ್ರವನ್ನು ಬೇಡುವವನು ತನ್ನ ಸಂಸಾರದ ವೃತ್ತಾಂತವನ್ನೆಲ್ಲ ತಾನೇ ಬರೆದುಕೊಡಬೇಕಾಗುತ್ತದೆ. ಪಹಣಿಯಂತೂ ಬಹಿರಂಗದ ದಾಖಲೆ. ಹಿಂದೆ ಶಾನುಭೋಗರ ಕಡತದೊಳಗೆ ಏನಿತ್ತೆಂಬುದು ರೈತನಿಗೇ ತಿಳಿಯುತ್ತಿರಲಿಲ್ಲ. 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೇರಿದ ಮೇಲೆ, ಸರ್ವೇ ನಂಬರು ಬಲ್ಲವರೆಲ್ಲರಿಗೂ ಒಡೆಯನ ಹೆಸರು ಕಾಣುವಂತಾಯಿತು. ಇದರಿಂದ ಲಂಚಗುಳಿತನಕ್ಕೆ ತಕ್ಕಮಟ್ಟಿಗೆ ತಡೆಯುಂಟಾಯಿತೆಂದು ನಾವು ಒಪ್ಪುತ್ತೇವೆ. ಆದರೆ ಒಳ್ಳೆಯ ಉದ್ದೇಶದಿಂದ ತೆರೆದ ಬಾಗಿಲಿನಿಂದ ಕಳ್ಳನೂ ಒಳನುಗ್ಗಬಹುದಷ್ಟೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ನಡೆದುದು ಅದೇ. ನೋಂದಣಿ ಇಲಾಖೆಯ 'ಕಾವೇರಿ' ತಾಣದಿಂದ ಕ್ರಯಪತ್ರಗಳ ಪ್ರತಿಗಳನ್ನು ಪಡೆದ ವಂಚಕರು ಅವುಗಳಲ್ಲಿದ್ದ ಹೆಬ್ಬೆರಳಿನ ಗುರುತನ್ನು ನಕಲುಮಾಡಿ, ಆಧಾರ್ ಸಂಖ್ಯೆಯ ಸಹಾಯದಿಂದ ಪರರ ಬ್ಯಾಂಕಿನ ಹಣವನ್ನು ಎತ್ತಿದರು. ಗುಪ್ತಪದವನ್ನಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸುವುದೆಂತು?

ಕಾನೂನಿನ ಆಶ್ರಯವು ಇಲ್ಲದೆ ಇಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಹೂಡಿದ ಮೊಕದ್ದಮೆಯ ಫಲವಾಗಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ನೆಯ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾನೂನೂ, 2025ನೆಯ ನವೆಂಬರಿನಲ್ಲಿ ಅದರ ನಿಯಮಗಳೂ ಹೊರಬಿದ್ದುವು. ಮುಖ್ಯ ವಿಧಿಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವನ್ನಿಟ್ಟಿದ್ದಾರೆ. ಆದರೆ ಈ ಕಾನೂನಿನಲ್ಲಿ ಸರ್ಕಾರವು ತನಗೆ ತಾನೇ ವಿನಾಯಿತಿಯನ್ನು ಕೊಟ್ಟುಕೊಳ್ಳಲು ಇಟ್ಟಿರುವ ಅವಕಾಶವು ಬಹು ವಿಶಾಲವಾಯಿತೆಂಬುದು ನಮ್ಮ ಅಭಿಪ್ರಾಯ.

ಮನೆಯಲ್ಲಿ ಮಾಡಬಹುದಾದುದೂ ಉಂಟು. ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಟ್ಟು, ಬೇಕಾದಾಗ ತೆರೆಯುವ ಅನುಕೂಲವನ್ನು ಪ್ರಾಧಿಕಾರವೇ ಕಲ್ಪಿಸಿದೆ. ಕಡೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಪ್ರತಿಯೂ ದೊರೆಯುತ್ತದೆ. ಹಣ ಹೋದುದು ತಿಳಿದೊಡನೆ 1930ಕ್ಕೆ ದೂರವಾಣಿ ಮಾಡತಕ್ಕದ್ದು. ತಡಮಾಡಿದಷ್ಟೂ ಹಣವು ಕೈತಪ್ಪುವ ಸಂಭವ ಹೆಚ್ಚು.

ವೃದ್ಧೆಯನ್ನು ನಾವು ಮತ್ತೊಂದು ಮಾತು ಕೇಳಿದೆವು: ಪಿಂಚಣಿಯ ಅರ್ಜಿಯನ್ನು ಬರೆಸಿದ್ದು ಎಲ್ಲಿ? ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ. ಆಧಾರಿನ ಪ್ರತಿ? "ಒಂದು ಅಲ್ಲೇ ಉಳೀತು." ಹೋಗಿ ಕೇಳಿ ತೆಗೆದುಕೊಳ್ಳಿರೆಂದು ಹೇಳಿ ಕಳುಹಿಸಿದೆವು. ಅಂಗಡಿಯಾತನು ಬೇಸರಪಡದೆ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯನ್ನೆಳೆದು ಅವರ ಕಾಗದವನ್ನು ಹುಡುಕಿಕೊಟ್ಟನಂತೆ. ಆ ಪೆಟ್ಟಿಗೆಯ ತುಂಬ ಊರವರ ಪ್ರತಿಗಳೇ ಇದ್ದುವಂತೆ.