ಕಾಲಂನಿಂದ ಆಚೆ ಹೋದವರು

ಆಫೀಸಿನ ಊಟದ ಮೇಜಿನಲ್ಲಿ ಈ ಮಾತು ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. "ಏನೇ ಹೇಳು ಗುರೂ, ರೆಕಾರ್ಡ್ ಇಡೋದ್ರಲ್ಲಿ ಬ್ರಿಟಿಷರದ್ದು ಎತ್ತಿದ ಕೈ. ಎಷ್ಟು ಜನ ಪೊಲೀಸರಿಗೆ ಜ್ವರ ಬಂತು, ಎಷ್ಟು ಜನ ಸತ್ರು, ಎಲ್ಲಾ ಬರೆದಿಟ್ಟಿದ್ದಾರೆ. ನಮ್ಮಲ್ಲಿ ನಿನ್ನೆಯ ಫೈಲೇ ಸಿಗಲ್ಲ." ಎಲ್ಲರೂ ಹೌದೌದು ಅಂತಾರೆ. ನಾನೂ ಬಹಳ ದಿನ ಹೌದೌದು ಅಂದಿದ್ದೇನೆ. ಇನ್ನು ಅನ್ನುವುದಿಲ್ಲ.

ಬರೆದಿಟ್ಟದ್ದು ನಿಜ. ಆದರೆ ಯಾರಿಗಾಗಿ ಬರೆದರು?

1861ರ ಪೊಲೀಸ್ ಕಾಯ್ದೆಯ 29ನೇ ಕಲಮು ತೆಗೆದು ನೋಡಿ. ಅನುಮತಿ ಪಡೆಯದೆ ಕರ್ತವ್ಯ ಬಿಟ್ಟು ಹೋದ ಪೇದೆಗೆ 3 ತಿಂಗಳ ಸಂಬಳದವರೆಗೆ ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇಂಥ ಕಾನೂನಿನ ಕೆಳಗೆ ಚಳಿಜ್ವರ ಬಂದು ಮನೆಯಲ್ಲಿ ಕಂಬಳಿ ಹೊದ್ದು ಮಲಗಿದವನು ರೋಗಿಯೋ ಅಪರಾಧಿಯೋ? ಅದನ್ನು ಹೇಳಬೇಕಾದದ್ದು ಅವನ ಮೈಯ ಬಿಸಿಯಲ್ಲ, ಒಂದು ಕಾಗದ. ಆಸ್ಪತ್ರೆ ಪುಸ್ತಕದಲ್ಲಿ ಹೆಸರಿದ್ದರೆ ರೋಗಿ, ಇಲ್ಲದಿದ್ದರೆ ಕಳ್ಳಬಿದ್ದವನು. ಹಾಗಾಗಿ ಅದು ಮೊದಲು ಹಾಜರಿ ಪುಸ್ತಕ, ಆಮೇಲೆ ಬೇಕಾದರೆ ಆರೋಗ್ಯದ ಪುಸ್ತಕ.

"ಇರಲಿ ಬಿಡು, ಅಂಕಿ ಇದ್ದರೆ ತಾನೇ ಸುಧಾರಣೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಕಿ ಕೆಲಸ ಮಾಡಿದ್ದೂ ಉಂಟು. ಭಾರತದಲ್ಲಿದ್ದ ಬಿಳಿಯ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದಾರೆ ಎಂದು 1863ರಲ್ಲಿ ರಾಯಲ್ ಕಮಿಷನ್ ವರದಿ ಕೊಟ್ಟಿತು. ಫ್ಲಾರೆನ್ಸ್ ನೈಟಿಂಗೇಲ್ ಆ ಅಂಕಿಗಳನ್ನು ಹಿಡಿದುಕೊಂಡು ಸರ್ಕಾರದ ಬೆನ್ನು ಬಿದ್ದರು. ಬ್ಯಾರಕ್ಕು, ಚರಂಡಿ, ಕುಡಿಯುವ ನೀರು ಎಲ್ಲಕ್ಕೂ ದುಡ್ಡು ಬಂತು. ಶತಮಾನ ಮುಗಿಯುವಷ್ಟರಲ್ಲಿ ಸಾವು ಬಹಳವಾಗಿ ಇಳಿದಿತ್ತು.

ಪೇದೆಯ ಕತೆ? ಎಣಿಕೆ ಅವನದ್ದೂ ಆಯಿತು. ಆದರೆ 1902-03ರಲ್ಲಿ ಆಂಡ್ರೂ ಫ್ರೇಸರ್ ಅಧ್ಯಕ್ಷತೆಯ ಪೊಲೀಸ್ ಆಯೋಗ, ಪೇದೆಯ ಸಂಬಳ ಎಲ್ಲಿಯೂ ತಿಂಗಳಿಗೆ 8 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಬೇಕಾಯಿತು. ಕಾಯ್ದೆ ಬಂದು 40 ವರ್ಷದ ಮೇಲೆ! ಅದಕ್ಕಿಂತ ಕಡಿಮೆ ಸಂಬಳಕ್ಕೆ ದುಡಿಯುವವನು ಏನು ತಿಂದಾನು, ಎಂಥ ಮನೆಯಲ್ಲಿ ಇದ್ದಾನು? ಉತ್ತರ ಕನ್ನಡದ ಘಟ್ಟದಂಥ ಮಲೇರಿಯಾ ಸೀಮೆಗೆ ವರ್ಗವಾದರೆ ಅವನ ಗತಿ ಏನು? ಅವನ ಹೆಂಡತಿ ಮಕ್ಕಳನ್ನೂ ಅದೇ ಸೊಳ್ಳೆ ಕಚ್ಚುತ್ತಿತ್ತು. ಇಲಾಖೆಯ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ.

ಈಗ ನನಗೆ ಸಿಟ್ಟು ಬರಿಸುವ ವಿಷಯಕ್ಕೆ ಬರುತ್ತೇನೆ. ಆ ಕಾಲದ ವಾರ್ಷಿಕ ವರದಿಗಳಲ್ಲಿ ಸತ್ತವರಿಗೆ ಒಂದು ಕಾಲಂ, ರಾಜೀನಾಮೆ ಕೊಟ್ಟವರಿಗೆ ಒಂದು, ವಜಾ ಆದವರಿಗೆ ಒಂದು, ಪಿಂಚಣಿಯನ್ನೋ ಇಡಿಗಂಟನ್ನೋ ಕೊಟ್ಟು ಕಳಿಸಿದವರಿಗೆ ಇನ್ನೊಂದು. ಚೊಕ್ಕವಾಗಿದೆ, ಅಲ್ವಾ? ಕೈಲಾಗದವನನ್ನು ಕೆಲಸದಿಂದ ಬಿಡಿಸಿ, ಅವನು ಊರಿಗೆ ಹೋಗಿ ಎರಡು ತಿಂಗಳಲ್ಲಿ ಸತ್ತರೆ, ಆ ಸಾವು ಇಲಾಖೆಯದ್ದಲ್ಲ. ಊರಿನ ಲೆಕ್ಕದಲ್ಲಿ ಯಾರಾದರೂ ಬರೆದರೆ, ಬಹುಶಃ ಬರೀ "ಜ್ವರ" ಅಂತ. ಆಗಿನ ಮರಣ ಲೆಕ್ಕದಲ್ಲಿ ಮಲೇರಿಯಾ, ಟೈಫಾಯಿಡ್ ಎಲ್ಲಕ್ಕೂ ಅದೊಂದೇ ಗೋಣಿಚೀಲ. ಯಾರೂ ಸುಳ್ಳು ಬರೆಯಬೇಕಿಲ್ಲ. ಕಾಲಂಗಳನ್ನು ಹೀಗೆ ಎಳೆದರೆ ಸಾಕು, ಪಡೆ ತಾನಾಗಿಯೇ ಆರೋಗ್ಯವಂತವಾಗುತ್ತದೆ.

ಇದು ನನಗೆ ಹೊಳೆದದ್ದು ಬುದ್ಧಿವಂತಿಕೆಯಿಂದಲ್ಲ, ನಾನೇ ಮಾಡಿದ್ದರಿಂದ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಸಿಬ್ಬಂದಿಯ ಆರೋಗ್ಯದ ಡ್ಯಾಶ್‌ಬೋರ್ಡ್ ಕಟ್ಟಿದ ತಂಡದಲ್ಲಿ ನಾನಿದ್ದೆ. ಒಂದು ತ್ರೈಮಾಸಿಕದಲ್ಲಿ ಸಿಕ್ ಲೀವ್ ಸರಾಸರಿ ಗಣನೀಯವಾಗಿ ಇಳಿಯಿತು. ಮ್ಯಾನೇಜರು ಯೋಗ ತರಗತಿಯ ಫಲ ಎಂದು ಮೇಲ್ ಹಾಕಿದರು, ಕೇಕ್ ತರಿಸಿದರು. ಆಮೇಲೆ ನೋಡಿದರೆ, ತಿಂಗಳುಗಟ್ಟಲೆ ರಜೆಯಲ್ಲಿದ್ದ ಮೂವರು ರಾಜೀನಾಮೆ ಕೊಟ್ಟಿದ್ದರು. ಕೆಲಸದಲ್ಲಿ ಇರುವವರನ್ನು ಮಾತ್ರ ಎಣಿಸು ಅಂತ ಕ್ವೆರಿಯಲ್ಲಿ ಒಂದು ಸಾಲಿತ್ತು. ಬರೆದವನು ನಾನೇ. ಅವರು ಹೋದರು, ಅವರ ಜೊತೆ ಅವರ ಕಾಯಿಲೆಯೂ ಹೋಯಿತು. ಒಬ್ಬರ ಬೆನ್ನುನೋವು ನಮ್ಮ ರಾತ್ರಿ ಪಾಳಿಯಲ್ಲೇ ಶುರುವಾದದ್ದು ಅಂತ ಪಕ್ಕದಲ್ಲೇ ಕೂರುತ್ತಿದ್ದ ನನಗೆ ಗೊತ್ತಿತ್ತು. ನಾನೂ ಕೇಕ್ ತಿಂದೆ.

ಅದಕ್ಕೇ, ಬ್ರಿಟಿಷರ ರೆಕಾರ್ಡನ್ನು ಹೊಗಳುವ ಗೆಳೆಯರಿಗೆ ನನ್ನದೊಂದು ಮನವಿ. ಅದನ್ನು ಸುಡಿ ಅನ್ನುತ್ತಿಲ್ಲ, ಓದಿ. ಆದರೆ ಓದುವಾಗ ಬಿಟ್ಟು ಹೋದವರ ಕಾಲಂನಿಂದ ಶುರು ಮಾಡಿ. ಹಾಗೆಯೇ ನಾಳೆ ನಿಮ್ಮ ಕಂಪನಿ ಕೈಗೆ ವಾಚು ಕಟ್ಟಿ, ನಿದ್ದೆ, ನಡಿಗೆ, ಎದೆಬಡಿತ ಕೇಳಿದಾಗ, ಈ ಲೆಕ್ಕದಿಂದ ಪಾಳಿ ಬದಲಾಗುತ್ತಾ, ಅಥವಾ ಬರೀ ಆಳು ಬದಲಾಗ್ತಾರಾ ಅಂತ ಬಾಯಿಬಿಟ್ಟು ಕೇಳಿ. ನಾನು ಅವತ್ತು ಕೇಳಲಿಲ್ಲ.