ಡಬ್ಬಿಯೊಳಗಿನ ತಿರುಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಹಿಂದೆ ನಮ್ಮ ಸೀಮೆಯಲ್ಲಿ ಮಾವಿನ ಹಣ್ಣಿನ ಶೀಕರಣೆ ಉಣ್ಣಬೇಕಾದರೆ ಬೇಸಗೆ ಬರುವವರೆಗೆ ಕಾಯಬೇಕಾಗಿತ್ತು. ಈಗ ಆ ಕಟ್ಟು ಇಲ್ಲ. ಮಾಘಮಾಸದ ಮದುವೆಗೂ ಪಟ್ಟಣದ ಅಂಗಡಿಯಿಂದ ತಿರುಳಿನ ಡಬ್ಬಿ ತಂದು, ಮುಚ್ಚಳ ಕುಯ್ದು, ಹಾಲು ಸಕ್ಕರೆ ಬೆರೆಸಿ ಬಡಿಸಿಬಿಡಬಹುದು. ಮಾವು, ಸೀಬೆ, ಪರಂಗಿ, ಸೀತಾಫಲ, ಎಲ್ಲದರ ತಿರುಳೂ ಡಬ್ಬಿಯಲ್ಲೋ ಚೀಲದಲ್ಲೋ ಬರುತ್ತಿದೆ. ಬ್ರಹ್ಮಸಮುದ್ರದ ಸುತ್ತಿನ ಹಳ್ಳಿಗಳವರು ಕಲ್ಯಾಣದುರ್ಗಕ್ಕೆ ಹೋದಾಗ ಇಂಥದ್ದೊಂದನ್ನು ಕೊಂಡು ತರುವುದರಲ್ಲಿ ತಪ್ಪೇನಿದೆ? ಹಣ್ಣು ಬೆಳೆಯುವವರಿಗೆ ಅದರಿಂದ ಲಾಭವೇ ಉಂಟು. ಕೊಳ್ಳಬೇಡಿರೆಂದು ನಾವು ಹೇಳುವವರಲ್ಲ. ಆದರೆ ಕೊಂಡ ವಸ್ತುವಿನ ಗುಣವನ್ನು ತಿಳಿದು ಕೊಳ್ಳಬೇಕು ಎನ್ನುವವರು.

ಈ ವಿಷಯದಲ್ಲಿ ಜನರಲ್ಲಿ ಎರಡು ಭಾವನೆಗಳನ್ನು ಕಾಣುತ್ತೇವೆ. ಕಂಪೆನಿಯ ಮಾಲು, ಮೊಹರು ಬಿದ್ದಿದೆ, ಇದು ಕೆಡುವುದೇ ಇಲ್ಲ ಎನ್ನುವವರು ಕೆಲವರು. ಡಬ್ಬಿಯದೆಲ್ಲ ಔಷಧಿ ಹಾಕಿದ ವಿಷ ಎನ್ನುವವರು ಉಳಿದವರು. ಎರಡೂ ಸರಿಯಲ್ಲ. ತಿರುಳನ್ನು ಕಾಪಾಡುವುದು ಡಬ್ಬಿಯ ತಗಡಲ್ಲ, ಅದರ ಮೇಲಿನ ಬಣ್ಣದ ಚಿತ್ರವಂತೂ ಅಲ್ಲ. ಅದನ್ನು ಕಾಯುವವರು ಇಬ್ಬರು: ಒಂದು ಹುಳಿ, ಇನ್ನೊಂದು ಕಾವು.

ಹುಳಿಯ ವಿಷಯ ನಮ್ಮವರಿಗೆ ಹೊಸದಲ್ಲ. ಹಿಂದೂಪುರದ ಮಂಡಿಗೆ ಬರುವ ಹುಣಸೆಹಣ್ಣು ವರ್ಷಗಟ್ಟಲೆ ಮಡಕೆಯಲ್ಲಿ ಕುಳಿತರೂ ಕೊಳೆಯುವುದಿಲ್ಲ. ಅಷ್ಟು ಹುಳಿಯಲ್ಲಿ ಕ್ರಿಮಿಗಳು ವೃದ್ಧಿಯಾಗಲಾರವು. ಹುಳಿಯನ್ನು ಅಳೆಯಲು ಶಾಸ್ತ್ರಜ್ಞರು ಪಿಎಚ್ ಎಂಬ ಲೆಕ್ಕವನ್ನಿಟ್ಟಿದ್ದಾರೆ. ಶುದ್ಧ ನೀರಿಗೆ 7. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ನಿಂಬೆಯ ರಸ 2ರಿಂದ 3ರ ನಡುವೆ. ಮಾವಿನ ತಿರುಳು ಸಾಮಾನ್ಯವಾಗಿ 4ರ ಸುತ್ತಮುತ್ತ. ಈ ಲೆಕ್ಕದಲ್ಲಿ 4.6 ಎಂಬುದು ಒಂದು ಗಡಿಕಲ್ಲು. ಅದರ ಕೆಳಗಿದ್ದರೆ, ಗಾಳಿಯಿಲ್ಲದ ಡಬ್ಬಿಯೊಳಗೆ ಬೆಳೆದು ಮಾರಕ ವಿಷ ಕಾರುವ ಬಾಟ್ಯುಲಿನಮ್ ಎಂಬ ಕ್ರಿಮಿಯ ಬೀಜ ಮೊಳೆಯಲಾರದು. ಆದ್ದರಿಂದಲೇ ಮಾವಿನ ತಿರುಳಿಗೆ ಕುದಿಯುವ ನೀರಿನ ಕಾವು ಸಾಕಾಗುತ್ತದೆ. ಪರಂಗಿ, ಸಪೋಟ, ಸೀತಾಫಲ ಇವು ಬಲಿತು ಹಣ್ಣಾದಾಗ 5ರ ಮೇಲಿರುತ್ತವೆ. ಬಾಳೆ ಗಡಿಯ ಆಚೀಚೆ. ಇಂಥ ಸಿಹಿಹಣ್ಣಿನ ತಿರುಳಿಗೆ ನಿಂಬೆಹುಳಿಯ ಉಪ್ಪು ಸೇರಿಸಿ ಹುಳಿಗಟ್ಟಿಸದೆ ಡಬ್ಬಿ ತುಂಬುವುದು ಅಪಾಯ. ಆ ಬೀಜ ಬರಿಯ ಕುದಿಗೆ ಸಾಯುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿಯ ಕಾವು ಬೇಕು. ಮನೆಯಲ್ಲಿ ಪರಂಗಿಯ ತಿರುಳನ್ನು ಸೀಸೆಗೆ ತುಂಬಿ ಬಿರಡೆ ಹಾಕುವ ತಾಯಂದಿರು ಇದನ್ನು ನೆನಪಿನಲ್ಲಿಡತಕ್ಕದ್ದು.

ಹಾಗೆಂದು ಹುಳಿಯೊಂದನ್ನೇ ನೆಚ್ಚಿ ಕೂಡುವಂತಿಲ್ಲ. ಹುಳಿಯು ಹೆಚ್ಚಿನ ಕ್ರಿಮಿಗಳನ್ನು ಬೆಳೆಯಗೊಡುವುದಿಲ್ಲ, ಆದರೆ ಬಿದ್ದದ್ದನ್ನೆಲ್ಲ ಕೂಡಲೇ ಕೊಲ್ಲುವುದೂ ಇಲ್ಲ. ಭೇದಿ ಜ್ವರಗಳನ್ನು ತರುವ ಕ್ರಿಮಿಗಳು ಹುಳಿರಸದಲ್ಲಿಯೂ ಕೆಲವು ದಿನ ಜೀವ ಹಿಡಿದಿರಬಲ್ಲವು. ಅವುಗಳನ್ನು ತೀರಿಸುವುದು ಕಾವಿನ ಕೆಲಸ. ಒಳ್ಳೆಯ ಕಾರ್ಖಾನೆಯಲ್ಲಿ ಹಣ್ಣನ್ನು ತೊಳೆದು, ತಿರುಳು ತೆಗೆದು, ಸೋಸಿ, ಕಾಯಿಸಿ, ಬಿಸಿಬಿಸಿಯಾಗಿ ತುಂಬಿ, ಮೊಹರು ಮಾಡಿ, ಮತ್ತೆ ಬೇಯಿಸಿ ತಣಿಸುತ್ತಾರೆ. ಇಷ್ಟೂ ಸರಿಯಾಗಿ ನಡೆದ ಡಬ್ಬಿಯು ಮೊಹರು ಒಡೆಯುವವರೆಗೆ, ಸಂತೆಯಲ್ಲಿ ಕೊಯ್ದಿಟ್ಟ ಹಣ್ಣಿಗಿಂತ ಎಷ್ಟೋ ವಾಸಿ ಎಂಬುದನ್ನೂ ಹೇಳಬೇಕು.

ನಮಗೆ ಹೆಚ್ಚಿನ ಸಂದೇಹವಿರುವುದು ಕಾಯಿಸದೆ ಬರುವ ತಿರುಳಿನ ಮೇಲೆ. ಇದರಲ್ಲಿ ಮುಖ್ಯವಾದುದು ನಮ್ಮ ಗುಡ್ಡಗಳ ಮೇಲೆ ತಾನಾಗಿ ಬೆಳೆಯುವ ಸೀತಾಫಲವೇ. ಸೀತಾಫಲದ ತಿರುಳನ್ನು ಕಾಯಿಸಿದರೆ ಕಹಿಯಾಗುತ್ತದೆ. ಪಾಯಸಕ್ಕೆ ಹಾಕಿ ನೋಡಿದ ಗೃಹಿಣಿಯರು ಬಲ್ಲರು. ಆದುದರಿಂದ ವ್ಯಾಪಾರಿಗಳು ಅದನ್ನು ಹಸಿಯಾಗಿಯೇ ಕೈಯಿಂದ ಬಿಡಿಸಿ, ಬೀಜ ತೆಗೆದು, ಚೀಲಕ್ಕೆ ತುಂಬಿ, ಕಲ್ಲಿನಂತೆ ಹೆಪ್ಪುಗಟ್ಟಿಸಿ, ಐಸ್‌ಕ್ರೀಮು ಬಾಸುಂದಿಗಳಿಗೆಂದು ಕಳುಹಿಸುತ್ತಾರೆ. ಹುಳಿಯೂ ಇಲ್ಲ, ಕಾವೂ ಇಲ್ಲ. ಉಳಿದದ್ದು ಥಂಡಿ ಒಂದೇ. ಥಂಡಿಯು ಕ್ರಿಮಿಯನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. ಚೀಲ ಕರಗಿದೊಡನೆ ಮಲಗಿದ್ದದ್ದು ಏಳುತ್ತದೆ. ನಮ್ಮ ಕಡೆ ವಿದ್ಯುತ್ತು ಹೋಗಿ ಬಂದು ಮಾಡುವಾಗ ಅಂಗಡಿಯ ಪೆಟ್ಟಿಗೆಯೊಳಗೆ ಅದು ಎಷ್ಟು ಸಲ ಕರಗಿ ಎಷ್ಟು ಸಲ ಗಟ್ಟಿಯಾಯಿತೋ, ಕೊಳ್ಳುವವನಿಗೆ ಹೇಗೆ ತಿಳಿಯಬೇಕು?

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ನಮ್ಮ ಸಪೋಟದ ದಾಯಾದಿಯಾದ ಮಾಮೆ ಎಂಬ ಹಣ್ಣು ಮಧ್ಯ ಅಮೆರಿಕದ ದೇಶಗಳಲ್ಲಿ ಬೆಳೆಯುತ್ತದೆ. ಅದರ ತಿರುಳನ್ನೂ ಹೀಗೆಯೇ ಹಸಿಯಾಗಿ ಹೆಪ್ಪುಗಟ್ಟಿಸಿ ಮಾರುತ್ತಾರೆ. ಜನರು ಹಾಲಿನೊಡನೆ ಕಡೆದು ಕುಡಿಯುತ್ತಾರೆ. 1998-99ರ ಚಳಿಗಾಲದಲ್ಲಿ ಫ್ಲಾರಿಡಾ ಪ್ರಾಂತದಲ್ಲಿ ಕಡಮೆಯೆಂದರೆ 16 ಮಂದಿಗೆ ವಿಷಮಶೀತಜ್ವರ, ಎಂದರೆ ಟೈಫಾಯಿಡ್, ಬಂದಿತು. ಹುಡುಕುತ್ತ ಹೋದ ವೈದ್ಯಾಧಿಕಾರಿಗಳು ಕೊನೆಗೆ ಹೋಗಿ ಮುಟ್ಟಿದ್ದು ಮಾಮೆಯ ತಿರುಳಿಗೆ. ಅಷ್ಟಕ್ಕೇ ಮುಗಿಯಲಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯ, ನೆವಾಡ ಪ್ರಾಂತಗಳಲ್ಲಿ ಮತ್ತೆ 9 ಮಂದಿ ಅದೇ ಜ್ವರದಿಂದ ಮಲಗಿದರು. ಕಾರಣವೂ ಅದೇ ಹಣ್ಣಿನ ಹೆಪ್ಪುಗಟ್ಟಿದ ತಿರುಳು. ಟೈಫಾಯಿಡಿನ ಕ್ರಿಮಿಗೆ ಮನುಷ್ಯನ ಹೊರತು ಬೇರೆ ಮನೆಯಿಲ್ಲ. ದನಕರುಗಳಿಂದಲ್ಲ, ಹೊಲದ ಮಣ್ಣಿನಿಂದಲೂ ಅಲ್ಲ; ರೋಗ ಬಂದು ಹೋದವನ ಅಥವಾ ರೋಗವನ್ನು ಹೊತ್ತು ಆರೋಗ್ಯವಂತನಂತೆ ತಿರುಗುವವನ ಮಲದಿಂದ, ತೊಳೆಯದ ಕೈಯ ಮೂಲಕವೋ ಕೆಟ್ಟ ನೀರಿನ ಮೂಲಕವೋ ಅದು ಬರಬೇಕು. ಅಂದರೆ ಎಲ್ಲಿಯೋ ಸಾವಿರಾರು ಮೈಲಿಗಳಾಚೆ ಇದ್ದ ಹೊಲಸು ಥಂಡಿಯೊಳಗೆ ಬೆಚ್ಚಗೆ ಮಲಗಿ ಹಡಗೇರಿ ಹೋಯಿತು.

ನೀರಿನ ಮಾತು ಬಂದುದರಿಂದ ಇನ್ನೊಂದು ಸೂಕ್ಷ್ಮವನ್ನು ಬೆಳೆಗಾರರು ಕೇಳಬೇಕು. ಬಿಸಿಯಾದ ವಸ್ತುವನ್ನು ತಣ್ಣೀರಿಗೆ ಇಳಿಸಿದರೆ ಅದು ಕುಗ್ಗುತ್ತ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಐನೂರಕ್ಕೂ ಹೆಚ್ಚು ಜನರಿಗೆ ಟೈಫಾಯಿಡ್ ಹರಡಿತು. ಕಾರಣವೆಂದು ಕಂಡುಬಂದುದು ಅರ್ಜೆಂಟೈನಾದಿಂದ ಬಂದ ಮಾಂಸದ ಡಬ್ಬಿ. ಬೇಯಿಸಿದ ಡಬ್ಬಿಗಳನ್ನು ಅಲ್ಲಿ ಶುದ್ಧಿಮಾಡದ ನದಿಯ ನೀರಿನಲ್ಲಿ ತಣಿಸಿದ್ದರು. ತಗಡಿನ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಒಂದು ಸಂದು ಇದ್ದರೆ ಸಾಕು. ಮಾವಿನ ಹಣ್ಣಿಗೂ ಇದೇ ಗತಿ. 1999ರಲ್ಲಿ ಬ್ರೆಜಿಲ್ ದೇಶದ ಮಾವು ತಿಂದು ಅಮೆರಿಕದಲ್ಲಿ 78 ಮಂದಿ ಸಾಲ್ಮೊನೆಲ್ಲ ಕ್ರಿಮಿಯಿಂದ ಕಾಯಿಲೆ ಬಿದ್ದರು, ಇಬ್ಬರು ಸತ್ತರು. ಹಣ್ಣುನೊಣದ ಮರಿ ಸಾಯಲೆಂದು ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ, ಆಮೇಲೆ ತಣ್ಣೀರಿನ ತೊಟ್ಟಿಯಲ್ಲಿ ತಣಿಸುತ್ತಿದ್ದರು. ಆ ತೊಟ್ಟಿಯ ನೀರು ಕೆಟ್ಟಿತ್ತೆಂದು ತಜ್ಞರು ತರ್ಕಿಸಿದರು. ಬಿಸಿಲಲ್ಲಿ ಕಾದ ಹಣ್ಣನ್ನು ತಂದು ದನ ಕುಡಿಯುವ ತೊಟ್ಟಿಯಲ್ಲಿ ಮುಳುಗಿಸಿ ತೊಳೆಯುವ ರೂಢಿ ನಮ್ಮಲ್ಲಿಯೂ ಉಂಟಲ್ಲವೆ? ಹಣ್ಣನ್ನು ಮೊದಲು ನೆರಳಿನಲ್ಲಿ ಆರಲು ಬಿಟ್ಟು, ಆಮೇಲೆ ಕುಡಿಯುವಂಥ ನೀರನ್ನು ಮೇಲಿನಿಂದ ಸುರಿದು ತೊಳೆಯುವುದು ಒಳ್ಳೆಯದು.

ಕಾರ್ಖಾನೆಯ ಬಾಗಿಲಿನ ಹೊರಗೆ ನಡೆಯುವುದೂ ತಿರುಳಿನೊಳಗೆ ಸೇರುತ್ತದೆ. 2025ರ ಜೂನ್‌ನಲ್ಲಿ ತೋತಾಪುರಿಯ ಬೆಲೆ ಕುಸಿದಾಗ ಚಿತ್ತೂರಿನ ತಿರುಳಿನ ಕಾರ್ಖಾನೆಗಳ ಮುಂದೆ ಹಣ್ಣಿನ ಬಂಡಿಗಳು ಸಾಲುಗಟ್ಟಿ ನಿಂತವು. ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಒಳಬರದಂತೆ ತಡೆಯಿತು. ಶ್ರೀನಿವಾಸಪುರದ ಕಡೆಯ ಕನ್ನಡಿಗ ಬೆಳೆಗಾರರು ಪೇಚಿಗೆ ಸಿಕ್ಕಿದರು. ಬೆಲೆಯ ನ್ಯಾಯಾನ್ಯಾಯ ಬೇರೆಯ ಲೇಖನದ ವಿಷಯ. ಇಲ್ಲಿ ಹೇಳಬೇಕಾದುದು ಇಷ್ಟೆ: ಬಿಸಿಲಿನಲ್ಲಿ ದಿನಗಟ್ಟಲೆ ನಿಂತು ಹುದುಗೆದ್ದ ಹಣ್ಣನ್ನು ಯಾವ ಯಂತ್ರವೂ ಹೊಸದು ಮಾಡಲಾರದು. ರೈತನನ್ನು ಬಾಗಿಲಲ್ಲಿ ಕಾಯಿಸುವುದು ರೈತನಿಗೆ ಮಾತ್ರ ನಷ್ಟವೆಂದು ತಿನ್ನುವವರು ತಿಳಿಯಬಾರದು.

ಇನ್ನು ನಮ್ಮ ಮುಖ್ಯ ದೂರು. ಈ ವಿವೇಕವನ್ನೆಲ್ಲ ಕೊಳ್ಳುವವನು ನಡೆಸಬೇಕಾದುದು ಡಬ್ಬಿಯ ಮೇಲಿನ ಚೀಟಿಯನ್ನು ಓದಿ. ಆ ಚೀಟಿ ಯಾವ ಭಾಷೆಯಲ್ಲಿದೆ? ಕಾನೂನಿನಂತೆ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ; ಸೇರಿಸಲೇಬೇಕೆಂಬ ಕಟ್ಟಳೆಯೂ ಇಲ್ಲ. ಆದುದರಿಂದ ಬ್ರಹ್ಮಸಮುದ್ರದಲ್ಲಿ ಕನ್ನಡ ಬಲ್ಲವನಿಗೂ ಓದಲಾಗದು, ತೆಲುಗು ಬಲ್ಲ ಅವನ ನೆರೆಯವನಿಗೂ ಓದಲಾಗದು. ಈ ವಿಷಯದಲ್ಲಿ ನಮಗೂ ಅವರಿಗೂ ಜಗಳವಿಲ್ಲ, ಇಬ್ಬರದೂ ಒಂದೇ ಪಾಡು. ‘ಮೈನಸ್ 18 ಡಿಗ್ರಿಯಲ್ಲಿ ಇಡಿ’, ‘ತೆರೆದ ಮೇಲೆ ಇಷ್ಟು ದಿನದೊಳಗೆ ಬಳಸಿ’ ಎಂಬ ಎರಡು ಸಾಲುಗಳಾದರೂ ಮಾರುವ ಸ್ಥಳದ ಭಾಷೆಗಳಲ್ಲಿ ಇರಬೇಕು, ಗಡಿಯ ಮಂಡಲಗಳಲ್ಲಿ ತೆಲುಗು ಕನ್ನಡ ಎರಡರಲ್ಲಿಯೂ ಇರಬೇಕು ಎಂದು ನಾವು ಒತ್ತಿ ಹೇಳುತ್ತೇವೆ. ಸಾಬೂನಿನ ಜಾಹೀರಾತನ್ನು ಗೋಡೆಗೋಡೆಯ ಮೇಲೆ ನಮ್ಮ ಭಾಷೆಯಲ್ಲಿ ಬರೆಸಬಲ್ಲ ವ್ಯಾಪಾರಕ್ಕೆ ಇದು ದೊಡ್ಡ ಖರ್ಚಲ್ಲ.

ಅಲ್ಲಿಯವರೆಗೆ ಅಂಕಿಗಳನ್ನಾದರೂ ನೋಡಿರಿ. ಹಿಂದೆ 1955ರ ಹಣ್ಣಿನ ಪದಾರ್ಥಗಳ ಆಜ್ಞೆಯಂತೆ ಎಫ್‌ಪಿಒ ಎಂಬ ಮುದ್ರೆ ಇರುತ್ತಿತ್ತು. 2006ರ ಆಹಾರ ಸುರಕ್ಷಾ ಕಾಯಿದೆ ಬಂದ ಮೇಲೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಅದಿಲ್ಲದ್ದನ್ನು ಅಗ್ಗವೆಂದು ತರಬೇಡಿರಿ. ತಾರೀಖನ್ನು ಶಾಲೆಗೆ ಹೋಗುವ ಮಗುವಿನಿಂದ ಓದಿಸಿರಿ. ಉಬ್ಬಿದ ಡಬ್ಬಿ, ಸೋರಿದ ಡಬ್ಬಿ, ಅಂಚು ನೆಗ್ಗಿದ ಡಬ್ಬಿ ಬೇಡ. ಹೆಪ್ಪುಗಟ್ಟಿದ ಚೀಲದೊಳಗೆ ದಪ್ಪ ಮಂಜಿನ ಹರಳುಗಳಿದ್ದರೆ, ಅಥವಾ ತಿರುಳು ಮೂಲೆಗೆ ಸೇರಿ ಹಾಸುಗಲ್ಲಿನಂತೆ ಗಟ್ಟಿಯಾಗಿದ್ದರೆ, ಅದು ಒಮ್ಮೆ ಕರಗಿದ್ದೆಂದು ಸಂಶಯಪಡಿ.

ಮದುವೆಯ ಮನೆಯಲ್ಲಿ ನಡೆಯುವ ಅಜಾಗ್ರತೆ ಇದಕ್ಕಿಂತ ಹೆಚ್ಚಿನದು. ಅಡಿಗೆಯವರು ತರುವ ದೊಡ್ಡ ಡಬ್ಬಿಯಲ್ಲಿ ಮೂರು ಕಿಲೋಗ್ರಾಮಿಗೂ ಮೇಲೆ ತಿರುಳಿರುತ್ತದೆ. ಅರ್ಧ ಬಳಸಿ ಉಳಿದರ್ಧವನ್ನು ಅದೇ ಡಬ್ಬಿಯಲ್ಲಿ ತೆರೆದಿಟ್ಟು ಮರುದಿನದ ಬೀಗರೂಟಕ್ಕೆ ಎತ್ತಿಡುತ್ತಾರೆ. ಮೊಹರು ಒಡೆದ ಕ್ಷಣದಿಂದ ಅದು ಕಾರ್ಖಾನೆಯ ಮಾಲಲ್ಲ, ನಿಮ್ಮ ಅಡಿಗೆಮನೆಯ ಹಣ್ಣು. ನೊಣ, ಕೈ, ಸೌಟು ಎಲ್ಲಕ್ಕೂ ತೆರೆದದ್ದು. ಹುಳಿಯು ತಗಡನ್ನೂ ತಿನ್ನುತ್ತದೆ. ಉಳಿದುದನ್ನು ಕೂಡಲೇ ಸ್ಟೀಲಿನ ಅಥವಾ ಗಾಜಿನ ಪಾತ್ರೆಗೆ ಬಗ್ಗಿಸಿ, ಮುಚ್ಚಿ, ಫ್ರಿಜ್ಜಿನಲ್ಲಿಡಬೇಕು. ಫ್ರಿಜ್ಜಿಲ್ಲದಿದ್ದರೆ ಸಣ್ಣ ಡಬ್ಬಿಗಳನ್ನು ತಂದು ಬೇಕಾದಷ್ಟನ್ನೇ ತೆರೆಯಿರಿ. ಹಾಲು ಬೆರೆಸಿದ ಮೇಲಂತೂ ಹುಳಿಯ ಕಾವಲು ತಗ್ಗಿಹೋಗುತ್ತದೆ. ಬೆಳಗಿನ ಶೀಕರಣೆಯನ್ನು ಸಂಜೆಯ ಪಂಕ್ತಿಗೆ ಬಡಿಸುವುದನ್ನು ನಾವು ಕಂಡಿದ್ದೇವೆ. ನಮ್ಮ ಬೇಸಗೆಯಲ್ಲಿ ಕಲಸಿದ ಒಂದು ಗಂಟೆಯೊಳಗೆ, ತಂಪಿನ ಕಾಲದಲ್ಲಿ ಎರಡು ಗಂಟೆಯೊಳಗೆ ಅದು ಎಲೆಯ ಮೇಲಿರಬೇಕು. ಸೀತಾಫಲದ ಹೆಪ್ಪುತಿರುಳನ್ನು ಎಳೆಯ ಮಕ್ಕಳಿಗೂ ಬಸುರಿಯರಿಗೂ ಮುದುಕರಿಗೂ ಕೊಡದಿರುವುದೇ ಕ್ಷೇಮ. ನಮ್ಮ ಗುಡ್ಡದಲ್ಲಿಯೇ ಹಣ್ಣು ಸಿಗುವ ಕಾಲದಲ್ಲಿ ಅದನ್ನು ದುಡ್ಡು ಕೊಟ್ಟು ಕೊಳ್ಳುವುದೇಕೆಂಬುದು ಬೇರೆ ಪ್ರಶ್ನೆ.

ಮಹಿಳಾ ಸಂಘಗಳವರು ತಿರುಳು ತೆಗೆದು ಮಾರಬೇಕೆಂದಿದ್ದರೆ ನಾವು ಸಂತೋಷಪಡುತ್ತೇವೆ. ಆದರೆ ಮೊದಲು ಮಾವಿನಿಂದ, ಹುಣಸೆಯಿಂದ, ನಿಂಬೆಯಿಂದ ಪ್ರಾರಂಭಿಸಲಿ. ಸೀತಾಫಲ ಪರಂಗಿಗಳಿಗೆ ಕೈ ಹಾಕುವ ಮುನ್ನ ಕಲಿಯಲಿ. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಅಲ್ಪಾವಧಿಯ ತರಬೇತಿಗಳು ನಡೆಯುತ್ತವೆ. ತಿರುಳು ಬಿಡಿಸುವ ಕೈಗೆ ಹುಣ್ಣಿದ್ದರೆ, ಜ್ವರ ಭೇದಿ ಇದ್ದರೆ, ಆ ದಿನ ಆ ತಂಗಿಗೆ ಕೂಲಿ ತಪ್ಪಿಸದೆ ಬೇರೆ ಕೆಲಸ ಕೊಡಲಿ. ಕೂಲಿ ತಪ್ಪುವುದೆಂದರೆ ಯಾರೂ ಕಾಯಿಲೆಯನ್ನು ಹೇಳಿಕೊಳ್ಳುವುದಿಲ್ಲ.

ತಿರುಳು ತಿಂದ ಮೇಲೆ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ವಾಂತಿ ಭೇದಿಯಾದರೆ, ಅಥವಾ ಒಂದೆರಡು ವಾರಗಳಲ್ಲಿ ಬಿಡದ ಜ್ವರ ಹತ್ತಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ ತಿಂದದ್ದನ್ನು ವೈದ್ಯರಿಗೆ ಹೇಳಿರಿ. ಕಣ್ಣು ಮಂಜಾಗಿ, ನುಂಗಲಾಗದೆ, ಮಾತು ತೊದಲಿದರೆ ಅದೇ ಗಳಿಗೆಯಲ್ಲಿ ಹೊರಡಿರಿ. ಖಾಲಿ ಡಬ್ಬಿಯನ್ನು ತಿಪ್ಪೆಗೆ ಎಸೆಯದೆ ಜೊತೆಗೆ ಕೊಂಡೊಯ್ಯಿರಿ. ಅದರ ಮೇಲಿನ ತಾರೀಖು, ಬ್ಯಾಚಿನ ಸಂಖ್ಯೆಗಳಿಂದಲೇ ಜಿಲ್ಲೆಯ ಆಹಾರ ಸುರಕ್ಷಾ ಅಧಿಕಾರಿಗಳು ಉಳಿದ ಡಬ್ಬಿಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಲು ಸಾಧ್ಯ.