ಶಾಲಾ ವಿಜ್ಞಾನ ಕ್ಲಬ್‌ಗಳಿಗೆ ನಮ್ಮ ಎರಡು ಗಂಟೆ

ಕುಶಲ ಕೆಲಸಗಾರರು ದೊರೆಯುತ್ತಿಲ್ಲವೆಂಬುದು ನಮ್ಮ ಸಭೆಗಳಲ್ಲಿ ಸದಾ ಕೇಳಿಬರುವ ದೂರು. ಪ್ರಮಾಣಪತ್ರ ಹಿಡಿದು ಬಂದ ಯುವಕನಿಗೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳತೆ ಓದಲು ಬಾರದು. ಕಂಪ್ಯೂಟರ್ ಕಲಿತವನಿಗೆ ಅಂಗಡಿಯ ದಾಸ್ತಾನಿನ ಲೆಕ್ಕವನ್ನು ಹೊಂದಿಸಲು ತಿಳಿಯದು. ಇದಕ್ಕೆ ಕಾಲೇಜುಗಳನ್ನು ದೂಷಿಸುವುದು ನಮಗೆ ರೂಢಿಯಾಗಿದೆ. ಆದರೆ ಬಿಚ್ಚಿ ನೋಡುವ, ಜೋಡಿಸಿ ನೋಡುವ ಕುತೂಹಲವು ಮೊಳೆಯುವುದು ಶಾಲಾ ವಯಸ್ಸಿನಲ್ಲಿಯೇ. ಆ ಶಾಲೆಗಳತ್ತ ನಾವು ಎಷ್ಟು ಬಾರಿ ಹೆಜ್ಜೆ ಹಾಕಿದ್ದೇವೆ?

ಸರ್ಕಾರವು ಕೈಕಟ್ಟಿ ಕುಳಿತಿದೆ ಎನ್ನಲಾಗದು. ನೀತಿ ಆಯೋಗದ ಅಧೀನದಲ್ಲಿ 2016ರಲ್ಲಿ ಆರಂಭವಾದ ಅಟಲ್ ಇನ್ನೋವೇಷನ್ ಮಿಷನ್, 6ರಿಂದ 12ನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ದೇಶದಲ್ಲಿ 10,000 ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ಸ್ಥಾಪಿಸಿದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ. ಅದರಲ್ಲಿ 10 ಲಕ್ಷ ಸ್ಥಾಪನೆಗೆ, ಉಳಿದ 10 ಲಕ್ಷ ಐದು ವರ್ಷಗಳ ನಿರ್ವಹಣೆಗೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್‌ಗಳನ್ನು ಸ್ಥಾಪಿಸುವುದಾಗಿ 2025ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿಸಲಾಯಿತು. ಉಪಕರಣವೇನೋ ಬಂದೀತು. ಅದನ್ನು ಬಳಸಲು ಕಲಿಸುವವರು ಯಾರು?

ನಮ್ಮ ಊರಿನ ಶಾಲೆಯೊಂದರ ಪ್ರಯೋಗಾಲಯವನ್ನು ಕಳೆದ ವರ್ಷ ನೋಡುವ ಅವಕಾಶ ನನಗೆ ಒದಗಿತು. ಆಸಕ್ತಿ ವಹಿಸಿದ್ದ ಶಿಕ್ಷಕರು ವರ್ಗವಾಗಿ ಹೋಗಿದ್ದರು. ತ್ರೀ-ಡಿ ಪ್ರಿಂಟರ್‌ನ ನಳಿಕೆಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗಿ, ಯಂತ್ರವು ತಿಂಗಳುಗಟ್ಟಲೆ ಬಟ್ಟೆ ಹೊದ್ದು ಕುಳಿತಿತ್ತು. ನಮ್ಮ ಕಾರ್ಖಾನೆಯ ಹಿರಿಯ ಫಿಟ್ಟರ್ ಒಬ್ಬರನ್ನು ಕರೆದೊಯ್ದೆ. ಅವರು ಎಸ್ಸೆಸ್ಸೆಲ್ಸಿ ಮುಗಿಸಿದವರಲ್ಲ. ನಳಿಕೆಯನ್ನು ಬಿಸಿ ಮಾಡಿ, ಸಣ್ಣ ತಂತಿಯಿಂದ ಅರ್ಧ ಗಂಟೆಯಲ್ಲಿ ಶುಚಿಗೊಳಿಸಿದರು. ಅದರ ರಂಧ್ರ 0.4 ಮಿಲಿಮೀಟರ್ ಮಾತ್ರವೆಂದು ತಿಳಿದಾಗ ಬಾಲಕಿಯೊಬ್ಬಳು, “ಅಷ್ಟು ಸಣ್ಣದನ್ನು ಅಳೆಯುವುದು ಹೇಗೆ?” ಎಂದು ಕೇಳಿದಳು. ಅವರು ಜೇಬಿನಿಂದ ಮೈಕ್ರೋಮೀಟರ್ ತೆಗೆದು, ಆ ತಂತಿಯನ್ನೂ ಅವಳ ತಲೆಗೂದಲೊಂದನ್ನೂ ಅಳೆದು ತೋರಿಸಿದರು. ಅಂದು ಮಕ್ಕಳು ಅವರನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ.

ಈ ಕೊರತೆಯನ್ನು ಹಣವೊಂದೇ ತುಂಬಲಾರದು. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಸಾಮಾಜಿಕ ಹೊಣೆಗಾರಿಕೆಯು 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭವುಳ್ಳ ಕಂಪನಿಗಳಿಗೆ ಸಂಬಂಧಿಸಿದ್ದು. ನಮ್ಮಲ್ಲಿ ಬಹುತೇಕರು ಆ ಮಿತಿಯೊಳಗೆ ಬರುವುದಿಲ್ಲ. ಆದರೆ ಅನುಭವಸ್ಥರ ಸಮಯವು ನಮ್ಮ ಬಳಿ ಇದೆ. ತಿಂಗಳಿಗೆ ಒಂದು ಶನಿವಾರ, ಸಂಬಳಸಹಿತ ಎರಡು ಗಂಟೆಗಳ ಬಿಡುವು ಕೊಟ್ಟು ಒಬ್ಬ ಕುಶಲಕರ್ಮಿಯನ್ನು ಹತ್ತಿರದ ಶಾಲೆಯ ಕ್ಲಬ್ಬಿಗೆ ಕಳುಹಿಸುವುದು ಯಾವ ಘಟಕಕ್ಕೂ ಭಾರವಾಗದು. ಉಳಿಕೆ ಲೋಹದ ತುಂಡು, ಹಳೆಯ ಮೋಟಾರುಗಳನ್ನು ಚೂಪಾದ ಅಂಚು ತೆಗೆದು ಕೊಡಬಹುದು.

ವರ್ತಕ ಮಿತ್ರರಿಗೂ ಇಲ್ಲಿ ಪಾತ್ರವಿದೆ. ಗ್ರಾಹಕರ ಹೆಸರುಗಳನ್ನು ತೆಗೆದ ದಾಸ್ತಾನು ಪಟ್ಟಿಯನ್ನು ಕಂಪ್ಯೂಟರ್ ಕ್ಲಬ್ಬಿಗೆ ನೀಡಿ, ಅವಧಿ ಮುಗಿಯಲಿರುವ ಸರಕನ್ನು ಮೊದಲೇ ತೋರಿಸುವ ಪ್ರೋಗ್ರಾಂ ಬರೆಯುವಂತೆ ಕೇಳಬಹುದು. ಪಠ್ಯಪುಸ್ತಕದ ಲೆಕ್ಕಕ್ಕಿಂತ ನಿಜವಾದ ಅಂಗಡಿಯ ಲೆಕ್ಕವು ಮಕ್ಕಳನ್ನು ಹೆಚ್ಚು ಸೆಳೆಯುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಮಕ್ಕಳು ಕಾರ್ಖಾನೆಗೆ ಬರುವುದು ನೋಡಲು, ಕಲಿಯಲು; ಕೆಲಸಕ್ಕಲ್ಲ. 14 ವರ್ಷದೊಳಗಿನವರನ್ನು ದುಡಿಸುವುದು ಕಾನೂನುಬಾಹಿರವಷ್ಟೇ ಅಲ್ಲ, ಈ ಪ್ರಯತ್ನದ ಉದ್ದೇಶಕ್ಕೇ ದ್ರೋಹ. ಭೇಟಿಯ ದಿನ ಶಿಕ್ಷಕರು ಜೊತೆಗಿರಲಿ, ಯಂತ್ರಗಳು ನಿಂತಿರಲಿ.

“ನಾವು ಕಲಿಸಿದ ಹುಡುಗ ನಾಳೆ ಬೆಂಗಳೂರಿಗೆ ಹೋಗುತ್ತಾನೆ, ನಮಗೇನು ಲಾಭ?” ಎಂಬ ಪ್ರಶ್ನೆ ಸಹಜವೇ. ಕೆಲವರು ಹೋಗುತ್ತಾರೆ, ನಿಜ. ಆದರೆ ತನ್ನ ಊರಿನಲ್ಲಿಯೇ ಅಚ್ಚು ತಯಾರಾಗುತ್ತದೆ, ಪಂಪು ಜೋಡಣೆಯಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣದ ಹುಡುಗನು ಇಲ್ಲಿ ಉಳಿಯುವ ಯೋಚನೆಯನ್ನಾದರೂ ಹೇಗೆ ಮಾಡಿಯಾನು? ಅವನು ಹೋಗುವುದು ನಾವು ಕಲಿಸಿದ್ದರಿಂದಲ್ಲ; ನಾವು ಅವನ ಕಣ್ಣಿಗೆ ಬೀಳದಿದ್ದುದರಿಂದ.

ಆದ್ದರಿಂದ ನಮ್ಮ ಸಂಸ್ಥೆಯು ಮುಂದಿನ ಶೈಕ್ಷಣಿಕ ವರ್ಷಾರಂಭದೊಳಗೆ ಆಸಕ್ತ ಸದಸ್ಯರ ಪಟ್ಟಿಯೊಂದನ್ನು ಸಿದ್ಧಪಡಿಸಿ, ಪ್ರತಿ ಕ್ಲಬ್ಬಿಗೂ ಒಂದು ಘಟಕವನ್ನು ಜೋಡಿಸಬೇಕೆಂಬುದು ನನ್ನ ಕಳಕಳಿಯ ಮನವಿ. ಆ ಪಟ್ಟಿಯಲ್ಲಿ ಮೊದಲು ಬರೆಯಬೇಕಾದ್ದು ಮಾಲೀಕರ ಹೆಸರನ್ನಲ್ಲ, ಶಾಲೆಗೆ ಹೋಗಲಿರುವ ಕೆಲಸಗಾರರ ಹೆಸರನ್ನು.